ಬರ್ಲಿನ್‌ನ ಬಿಸಿಲಿಗೂ ಬೆಲೆಯಿದೆ

ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಜೂನ್ 21ರ ನಡುಹಗಲಿನಲ್ಲಿ ಬರ್ಲಿನ್‌ನ ಸೂರ್ಯ ಏರುವುದು 61 ಡಿಗ್ರಿಗೆ. ನಮ್ಮ ಚಳಿಗಾಲದ ಸೂರ್ಯನಿಗಿಂತ ಅವರ ಬೇಸಿಗೆಯ ಸೂರ್ಯನೇ ಎತ್ತರ! ಅದೂ ಹನ್ನೊಂದೂಕಾಲು ಗಂಟೆಯ ಹಗಲಲ್ಲ, ಹೆಚ್ಚುಕಡಿಮೆ ಹದಿನೇಳು ಗಂಟೆಯ ಹಗಲು. ಉತ್ತರದ ದೇಶಗಳೆಂದರೆ ಮೋಡ, ಮಂಜು, ಮಬ್ಬು ಎಂದಷ್ಟೇ ಕಲ್ಪಿಸಿಕೊಳ್ಳುವ ನಮಗೆ ಈ ಲೆಕ್ಕ ಮೊದಲು ನಂಬಿಕೆಗೆ ಬರುವುದಿಲ್ಲ. ಆದರೆ ಜರ್ಮನಿಯ ಹೆಂಚಿನ ಮನೆಗಳ ಮೇಲೆ ಸೌರಫಲಕಗಳು ಹಬ್ಬಿದ್ದಕ್ಕೆ ಕಾರಣ ಹುಡುಕುವವರು ಇಲ್ಲಿಂದಲೇ ಹೊರಡಬೇಕು.

ಅದೇ ಬರ್ಲಿನ್‌ನಲ್ಲಿ ಡಿಸೆಂಬರ್ ಬಂದಾಗ ಸೂರ್ಯ 14 ಡಿಗ್ರಿಗಿಂತ ಮೇಲೇರುವುದಿಲ್ಲ. ಓರೆಯಾಗಿ ಬರುವ ಬೆಳಕು, ನೆತ್ತಿಯ ಮೇಲಿಂದ ನೇರ ಬರುವ ಬೆಳಕಿಗಿಂತ ನಾಲ್ಕು ಪಟ್ಟು ದಪ್ಪದ ಗಾಳಿಯ ಪದರವನ್ನು ಹಾಯ್ದು ಬರಬೇಕು. ಎದುರಿನ ಮನೆಯ ನೆರಳು, ಮರದ ನೆರಳು, ಹೊಗೆಕೊಳವೆಯ ನೆರಳು ಎಲ್ಲವೂ ಉದ್ದುದ್ದ ಚಾಚಿಕೊಳ್ಳುತ್ತವೆ. ಒಂದು ಕಿಲೋವ್ಯಾಟ್‌ನ ಫಲಕಗಳು ಜೂನ್‌ನಲ್ಲಿ 120 ಯೂನಿಟ್‌ನಷ್ಟು ವಿದ್ಯುತ್ ಕೊಟ್ಟರೆ ಡಿಸೆಂಬರ್‌ನಲ್ಲಿ ಕೊಡುವುದು ಹತ್ತಿರ ಹತ್ತಿರ 20. ಇಡೀ ವರ್ಷಕ್ಕೆ ಕೂಡಿಸಿದರೆ ಸುಮಾರು 950ರಿಂದ 1,000 ಯೂನಿಟ್. ಬೆಂಗಳೂರಿನಲ್ಲಿ ಅದೇ ಫಲಕಗಳಿಂದ 1,500ರ ಆಸುಪಾಸು ಸಿಗುತ್ತದೆ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಸಮತಟ್ಟಾದ ನೆಲದ ಮೇಲೆ ವರ್ಷವಿಡೀ ಬೀಳುವ ಬಿಸಿಲನ್ನು ಅಳೆದರೆ ಬೆಂಗಳೂರಿಗೆ ಬರ್ಲಿನ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಿಗುತ್ತದೆ. ಆದರೆ ಫಲಕದಿಂದ ಬರುವ ವಿದ್ಯುತ್ತು ಒಂದೂವರೆ ಪಟ್ಟು ಮಾತ್ರ. ಉಳಿದ ಅಂತರವನ್ನು ತುಂಬಿದ್ದು ಯಾರು? ಒಂದು, ಇಳಿಜಾರು. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ 35 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿದರೆ ಓರೆ ಬೆಳಕನ್ನು ಅದು ಎದುರುಗೊಳ್ಳುತ್ತದೆ, ಮತ್ತು ಮಳೆ-ಹಿಮ ಜಾರಿಹೋಗಲೆಂದು ಕಟ್ಟಿದ ಅಲ್ಲಿನ ಛಾವಣಿಗಳಿಗೆ ಆ ಇಳಿಜಾರು ಮೊದಲೇ ಇದೆ. ಎರಡು, ಚಳಿ. ಸೌರಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಸಿಲಿಕಾನ್ ಬಿಸಿಯಾದಂತೆಲ್ಲ ಅದು ಕೊಡುವ ವೋಲ್ಟೇಜ್ ಇಳಿಯುತ್ತದೆ. ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ನಷ್ಟ. ನಮ್ಮ ತಾರಸಿಯ ಮೇಲೆ ಏಪ್ರಿಲ್ ತಿಂಗಳಲ್ಲಿ 60 ಡಿಗ್ರಿಗೆ ಕಾದ ಫಲಕ ತನ್ನ ಸಾಮರ್ಥ್ಯದ ಎಂಟನೇ ಒಂದು ಪಾಲನ್ನು ಬಿಸಿಗೇ ಬಿಟ್ಟುಕೊಡುತ್ತದೆ. ಬರ್ಲಿನ್‌ನಲ್ಲಿ ಅದೇ ಏಪ್ರಿಲ್‌ನ ತಿಳಿಯಾದ, ಕೊರೆಯುವ ಹಗಲು ಫಲಕಕ್ಕೆ ಹೇಳಿ ಮಾಡಿಸಿದ ಹವೆ. ಮೋಡವಿದ್ದರೂ ಎಲ್ಲವೂ ಹಾಳಲ್ಲ. ಅಲ್ಲಿ ವರ್ಷದಲ್ಲಿ ಬೀಳುವ ಬೆಳಕಿನಲ್ಲಿ ಅರ್ಧದಷ್ಟು ಮೋಡದಿಂದ, ಆಕಾಶದಿಂದ ಚದುರಿ ಬರುವುದೇ. ಫಲಕ ಅದನ್ನೂ ಹಿಡಿಯುತ್ತದೆ. ಹಿಮದ ಬಗ್ಗೆ ಬಹಳ ಜನ ಕೇಳುತ್ತಾರೆ, ಆದರೆ ಹಿಮ ಮುಚ್ಚುವ ದಿನಗಳಲ್ಲಿ ಕಳೆದುಕೊಳ್ಳಲು ಇರುವ ಯೂನಿಟ್‌ಗಳೇ ಕಡಿಮೆ.

ಹಾಗಾದರೆ ಹಾಕಿದ ದುಡ್ಡಿಗೆ ಅಸಲು ಹುಟ್ಟುತ್ತದೆಯೇ? ಇದಕ್ಕೆ ಉತ್ತರ ಆಕಾಶದಲ್ಲಿಲ್ಲ, ವಿದ್ಯುತ್ ಬಿಲ್ಲಿನಲ್ಲಿದೆ. ಜರ್ಮನಿಯ ಕಳೆದ ಇಪ್ಪತ್ತೈದು ವರ್ಷಗಳ ಕತೆ ಇದನ್ನು ತೋರಿಸಿಕೊಟ್ಟಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲಾರದು.

2000ನೇ ಇಸವಿಯಲ್ಲಿ ಜರ್ಮನಿಯ ಸಂಸತ್ತು ನವೀಕರಿಸಬಹುದಾದ ಇಂಧನದ ಕಾಯ್ದೆಯೊಂದನ್ನು ತಂದಿತು. ಅದರ ಹಿಂದೆ ಮುಖ್ಯವಾಗಿ ದುಡಿದವರು ಹೆರ್ಮನ್ ಶೇರ್ ಮತ್ತು ಹಾನ್ಸ್-ಯೋಸೆಫ್ ಫೆಲ್ ಎಂಬ ಇಬ್ಬರು ಸಂಸದರು. ಛಾವಣಿಯಿಂದ ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಹರಿದ ಪ್ರತಿ ಯೂನಿಟ್‌ಗೂ 20 ವರ್ಷ ಕಾಲ ನಿಗದಿಯಾದ ದರ ಕೊಡಬೇಕು ಎಂಬುದು ಕಾಯ್ದೆಯ ಜೀವಾಳ. 2004ರಲ್ಲಿ ಸಣ್ಣ ಛಾವಣಿಗಳಿಗೆ ಆ ದರ ಯೂನಿಟ್‌ಗೆ 57.4 ಸೆಂಟ್ (ನೂರು ಸೆಂಟ್‌ಗೆ ಒಂದು ಯೂರೋ). ಆಗ ಮನೆಗೆ ಬರುವ ವಿದ್ಯುತ್ತಿನ ಬೆಲೆ ಸುಮಾರು 18 ಸೆಂಟ್. ಮೂರು ಪಟ್ಟು ಬೆಲೆಗೆ ಮಾರಬಹುದಾದಾಗ ಯಾರು ತಾನೇ ಸ್ವಂತಕ್ಕೆ ಬಳಸುತ್ತಾರೆ? ಬಂದದ್ದನ್ನೆಲ್ಲ ಗ್ರಿಡ್‌ಗೆ ಮಾರುತ್ತಿದ್ದರು. ಆದರೆ ಆಗ ಒಂದು ಕಿಲೋವ್ಯಾಟ್‌ನ ಅಳವಡಿಕೆಗೆ ಐದು ಸಾವಿರ ಯೂರೋಗೂ ಮೀರಿದ ಖರ್ಚು. ವರ್ಷಕ್ಕೆ 950 ಯೂನಿಟ್, ತಲಾ 57.4 ಸೆಂಟ್, ಅಂದರೆ 545 ಯೂರೋ ಆದಾಯ. ಅಸಲು ಹುಟ್ಟಲು ಹತ್ತು ವರ್ಷ.

ಈಗಿನ ಲೆಕ್ಕ ನೋಡಿ. ಐದು ಕಿಲೋವ್ಯಾಟ್‌ಗೆ ಎಂಟು ಸಾವಿರ ಯೂರೋ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 4,800 ಯೂನಿಟ್ ಬರುತ್ತದೆ. ಬ್ಯಾಟರಿಯಿಲ್ಲದ ಮನೆ ಅದರಲ್ಲಿ ಶೇಕಡಾ 30ರಷ್ಟನ್ನು, ಅಂದರೆ 1,440 ಯೂನಿಟ್‌ಗಳನ್ನು ತಾನೇ ಬಳಸುತ್ತದೆ. ಅಷ್ಟು ವಿದ್ಯುತ್ತನ್ನು ಕೊಳ್ಳಬೇಕಾಗಿದ್ದರೆ ಯೂನಿಟ್‌ಗೆ 36 ಸೆಂಟ್‌ನಂತೆ 518 ಯೂರೋ ಆಗುತ್ತಿತ್ತು. ಉಳಿದ 3,360 ಯೂನಿಟ್‌ಗಳನ್ನು 8 ಸೆಂಟ್‌ಗೆ ಮಾರಿದರೆ 269 ಯೂರೋ. ಒಟ್ಟು 787. ಅಸಲು ಹುಟ್ಟಲು ಮತ್ತೆ ಹತ್ತು ವರ್ಷ! ಕಾಲ ಹೆಚ್ಚುಕಡಿಮೆ ಅದೇ, ಆದರೆ ಅದರೊಳಗಿನ ಅಂಕಿಗಳೆಲ್ಲ ತಲೆಕೆಳಗು. ಅಂದು ಮಾರಿದವನಿಗೆ ಲಾಭ, ಇಂದು ತಾನೇ ಬಳಸಿಕೊಂಡವನಿಗೆ ಲಾಭ. ಫಲಕಗಳು 25ರಿಂದ 30 ವರ್ಷ ಬಾಳುತ್ತವೆ, ವರ್ಷಕ್ಕೆ ಶೇಕಡಾ ಅರ್ಧದಷ್ಟು ಸವೆಯುತ್ತವೆ. ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಪರಿವರ್ತಿಸುವ ಇನ್ವರ್ಟರ್ ಅನ್ನು ನಡುವೆ ಒಮ್ಮೆ ಬದಲಿಸಬೇಕಾಗುತ್ತದೆ. ಅದನ್ನೆಲ್ಲ ಕಳೆದರೂ ಕೊನೆಯ ಹನ್ನೆರಡು-ಹದಿನೈದು ವರ್ಷ ಗಳಿಕೆಯೇ. ಫಲಕವನ್ನು ತಯಾರಿಸಲು ವ್ಯಯವಾದ ಶಕ್ತಿಯನ್ನಂತೂ ಉತ್ತರ ಯೂರೋಪಿನಲ್ಲೂ ಅದು ಒಂದೂಚಿಲ್ಲರೆ ವರ್ಷದಲ್ಲಿ ಹಿಂದಿರುಗಿಸುತ್ತದೆ.

ಒಂದು ಮಾತನ್ನು ಮರೆಮಾಚಬಾರದು. ಮೊದಲ ವರ್ಷಗಳ ಆ ದೊಡ್ಡ ದರವನ್ನು ತೆತ್ತವರು ಜರ್ಮನಿಯ ಎಲ್ಲ ವಿದ್ಯುತ್ ಗ್ರಾಹಕರು. ಬಿಲ್ಲಿನ ಮೇಲೆ ಅದಕ್ಕೆಂದೇ ಪ್ರತ್ಯೇಕ ವಂತಿಗೆಯಿತ್ತು, 2022ರ ಜುಲೈವರೆಗೂ ಇತ್ತು. ಸ್ವಂತ ಛಾವಣಿಯಿಲ್ಲದ ಬಾಡಿಗೆಮನೆಯವರೂ ಅದನ್ನು ಕಟ್ಟಿದರು. ಆ ಬೇಡಿಕೆಯಿಂದಲೇ ಕಾರ್ಖಾನೆಗಳು ಬೆಳೆದವು, ಆಮೇಲೆ ಚೀನಾದಲ್ಲಿ ಬೃಹತ್ತಾದವು, ಬೆಲೆ ಕುಸಿಯಿತು. ಇಂದು ಹಾಸನದಲ್ಲೋ ಹಾವೇರಿಯಲ್ಲೋ ಒಬ್ಬರು ತಾರಸಿಗೆ ಅಗ್ಗವಾಗಿ ಫಲಕ ಹಾಕಿಸುವುದರಲ್ಲಿ ಆ ಬಾಡಿಗೆದಾರರು ತೆತ್ತ ಸೆಂಟ್‌ಗಳ ಪಾಲೂ ಇದೆ ಎಂದು ನಾನು ಭಾವಿಸುತ್ತೇನೆ. ಅವರಿಗೆ ಈಗ ತುಸು ನ್ಯಾಯ ಸಿಕ್ಕಿದೆ: ಬಾಲ್ಕನಿಯ ಕಂಬಿಗೆ ತೂಗುಹಾಕಿ ಗೋಡೆಯ ಪ್ಲಗ್‌ಗೆ ಸಿಕ್ಕಿಸುವ, 800 ವ್ಯಾಟ್ ಇನ್ವರ್ಟರ್‌ನ ಪುಟ್ಟ ಘಟಕಗಳಿಗೆ 2024ರಲ್ಲಿ ನಿಯಮ ಸಡಿಲವಾಯಿತು. ಕೆಲವು ನೂರು ಯೂರೋಗೆ ಸಿಗುವ ಇವು ಬಿಸಿಲು ಬೀಳುವ ಬಾಲ್ಕನಿಯಲ್ಲಿ ದೊಡ್ಡ ಛಾವಣಿಗಳಿಗಿಂತ ಬೇಗ ಅಸಲು ತೀರಿಸುತ್ತವೆ. ಕಾರಣ ಸರಳ: ಫ್ರಿಜ್, ರೌಟರ್, ಕಂಪ್ಯೂಟರ್ ಸದಾ ನುಂಗುತ್ತಿರುವ ವಿದ್ಯುತ್ತಿಗೇ ಅದರ ಬಹುಪಾಲು ಹೋಗಿಬಿಡುತ್ತದೆ, ಅಗ್ಗಕ್ಕೆ ಮಾರುವುದಕ್ಕೆ ಉಳಿಯುವುದು ಸ್ವಲ್ಪ.

ಬಿಸಿಲಿಗಿಂತ ದರ ಮುಖ್ಯ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಗೆ ಫಲಕ ಎಷ್ಟೇ ಯೂನಿಟ್ ಕೊಟ್ಟರೂ ಬಿಲ್ಲಿನಲ್ಲಿ ಉಳಿಸಲು ಏನೂ ಇಲ್ಲ. ಒಂದೂವರೆ ಪಟ್ಟು ವಿದ್ಯುತ್ ಕೊಡುವ ಬಿಸಿಲಿದ್ದರೂ ಆ ಮನೆಯ ಲೆಕ್ಕ ಬರ್ಲಿನ್‌ನ ಮನೆಗಿಂತ ಸಪ್ಪೆ.

ಇನ್ನು ಬ್ಯಾಟರಿ. ಹಗಲಿನದನ್ನು ರಾತ್ರಿಗೆ ಉಳಿಸಲು ಅದು ಒಳ್ಳೆಯದೇ, ಸ್ವಂತ ಬಳಕೆಯನ್ನು ಸುಮಾರು ಇಮ್ಮಡಿ ಮಾಡುತ್ತದೆ. ಆದರೆ ಬೇಸಿಗೆಯದನ್ನು ಚಳಿಗಾಲಕ್ಕೆ ಉಳಿಸಲು ಅದರಿಂದಾಗದು. ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 4,000 ಯೂನಿಟ್ ಬೇಕಾದ ಮನೆಗೆ ನವೆಂಬರ್‌ನಿಂದ ಫೆಬ್ರವರಿವರೆಗೆ 1,400 ಯೂನಿಟ್ ಬೇಕು. ಫಲಕ ಕೊಡುವುದು 600ರ ಸುಮಾರು. ಆ 800 ಯೂನಿಟ್ ಕೊರತೆಯನ್ನು ಜೂನ್‌ನಲ್ಲೇ ಕೂಡಿಟ್ಟುಕೊಳ್ಳಲು ಹತ್ತು ಯೂನಿಟ್ ಹಿಡಿಯುವ 80 ಬ್ಯಾಟರಿಗಳು ಬೇಕು, ಅವೂ ವರ್ಷಕ್ಕೊಮ್ಮೆ ಮಾತ್ರ ಬಳಕೆಗೆ. ಮನೆ ಬೆಚ್ಚಗಿಡಲು ಹೀಟ್ ಪಂಪ್ ಇದ್ದರೆ ಕೊರತೆ ಇನ್ನೂ ಹೆಚ್ಚು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಮಾತು ಜೂನ್ ತಿಂಗಳ ಯೂನಿಟ್‌ಗೆ ಸರಿಯಾಗಿ ಹೊಂದುತ್ತದೆ. ಮಾರಾಟಗಾರರು ಗ್ರಿಡ್‌ನಿಂದ ಪೂರ್ಣ ಬಿಡುಗಡೆ ಎಂದರೆ ಆ ಅಕ್ಷಾಂಶದಲ್ಲಿ ಅದನ್ನು ನಂಬಬಾರದು. ಗಾಳಿಯೂ ಬೀಸದ, ಸೂರ್ಯನೂ ಕಾಣದ ವಾರಗಳಿಗೆ ಜರ್ಮನರು ಡುಂಕೆಲ್‌ಫ್ಲೌಟೆ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅಂಥದೊಂದು ದಿನ, 2024ರ ಡಿಸೆಂಬರ್ 12ರ ಸಂಜೆ, ಸಗಟು ಮಾರುಕಟ್ಟೆಯಲ್ಲಿ ಯೂನಿಟ್ ಬೆಲೆ 90 ಸೆಂಟ್ ದಾಟಿತು. ಅದೇ ವರ್ಷ 457 ಗಂಟೆಗಳ ಕಾಲ ಬೆಲೆ ಸೊನ್ನೆಗಿಂತ ಕೆಳಗಿತ್ತು. ಅವುಗಳಲ್ಲಿ ಬಹಳಷ್ಟು ಬೇಸಿಗೆಯ ಮಧ್ಯಾಹ್ನಗಳು, ಲಕ್ಷಾಂತರ ಛಾವಣಿಗಳು ಒಟ್ಟಿಗೇ ಗ್ರಿಡ್‌ಗೆ ಸುರಿದ ಹೊತ್ತು. 2025ರ ಫೆಬ್ರವರಿ ಕೊನೆಯಿಂದೀಚೆಗೆ ಹೊಸದಾಗಿ ಹಾಕಿಸಿದವರಲ್ಲಿ ಸ್ಮಾರ್ಟ್ ಮೀಟರ್ ಇರುವವರಿಗೆ ಸಾಮಾನ್ಯವಾಗಿ ಅಂಥ ಗಂಟೆಗಳಲ್ಲಿ ಮಾರಾಟದ ದರ ಸಿಗುವುದಿಲ್ಲ.

ಹಾಗಾಗಿ ಹಳೆಯ ಬುದ್ಧಿಮಾತೊಂದು ಈಗ ಬದಲಾಗುತ್ತಿದೆ. ದಕ್ಷಿಣಕ್ಕೆ ಇಳಿಜಾರಿಲ್ಲದ ಮನೆಗೆ ಫಲಕ ದಂಡ ಎನ್ನುತ್ತಿದ್ದರು. ಪೂರ್ವಕ್ಕೂ ಪಶ್ಚಿಮಕ್ಕೂ ಹಂಚಿ ಹಾಕಿದ ಫಲಕಗಳು ವರ್ಷದ ಒಟ್ಟು ಲೆಕ್ಕದಲ್ಲಿ ದಕ್ಷಿಣದವಕ್ಕಿಂತ ಶೇಕಡಾ 15-20ರಷ್ಟು ಕಡಿಮೆ ಕೊಡುತ್ತವೆ, ನಿಜ. ಆದರೆ ಅವು ಕೊಡುವುದು ಬೆಳಗಿನ ಕಾಫಿಯ ಹೊತ್ತಿಗೆ ಮತ್ತು ಜನ ಕೆಲಸದಿಂದ ಮನೆಗೆ ಮರಳಿದ ಮೇಲೆ. ಸಂಜೆ ಏಳಕ್ಕೆ ಅಡುಗೆಮನೆಯ ವಿದ್ಯುತ್ ಒಲೆ ಹಚ್ಚಿದಾಗ ಪಶ್ಚಿಮದ ಹೆಂಚುಗಳ ಮೇಲೆ ಇನ್ನೂ ಬಿಸಿಲಿರುತ್ತದೆ. ಜೂನ್‌ನಲ್ಲಿ ಬರ್ಲಿನ್‌ನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ.