ಒತ್ತಿಗೆ ಜಾಗ ಬಿಡಿ

ಕೆಲವು ವರ್ಷಗಳ ಹಿಂದೆ ಮುಂಬೈಯ ಒಂದು ಕನ್ನಡ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಜೂನ್ ತಿಂಗಳು, ಹೊರಗೆ ಧೋ ಅಂತ ಮಳೆ. ಸಂಘದ ಕಚೇರಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ. ಅಲ್ಲಿ ಒಬ್ಬ ಹಿರಿಯರಿದ್ದರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರು ತಮ್ಮ ಮೊಬೈಲಿನಲ್ಲಿ ಪುಟ ತೆರೆದರು. ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ತಂದುಕೊಂಡು ಓದಿದರು.

"ಪುಸಕ ಅಂದ್ರೆ ಎಂತ ಮಾರಾಯ?"

ನನಗೆ ಅರ್ಥವಾಗಲಿಲ್ಲ. ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ತಲೆಬರಹ ಎರಡು ಸಾಲಿನಲ್ಲಿತ್ತು. ಮೇಲಿನ ಸಾಲು "ಹತ್ತನೇ ತರಗತಿ ಮಕ್ಕಳಿಗೆ". ಅದು ಸರಿಯಾಗಿಯೇ ಇತ್ತು. ಕೆಳಗಿನ ಸಾಲು "ಉಚಿತ ಪುಸ್ತಕ" ಅಂತ ಇರಬೇಕಿತ್ತು. ಸ ಅಕ್ಷರದ ಕೆಳಗೆ ತ ಒತ್ತು ಇರಲಿಲ್ಲ. ಒರೆಸಿ ಹಾಕಿದ ಹಾಗೆ ಮಾಯವಾಗಿತ್ತು.

ಆ ತಲೆಬರಹವನ್ನು ನಾನು ಅದಕ್ಕೂ ಮೊದಲು ಹತ್ತಾರು ಸಲ ನೋಡಿದ್ದೆ. ಅಲ್ಲಿ ಏನು ಬರೆದಿದೆ ಅಂತ ನನಗೆ ಮೊದಲೇ ಗೊತ್ತಿತ್ತಲ್ಲ, ಇಲ್ಲದ ಒತ್ತನ್ನು ನನ್ನ ಕಣ್ಣೇ ಸೇರಿಸಿಕೊಂಡಿತ್ತು. ಅಕ್ಷರ ಅಕ್ಷರ ಕೂಡಿಸಿ ಓದುವವರಿಗೆ ಮಾತ್ರ ಅದು ಕಂಡಿತು.

ಆಗಿದ್ದು ಇಷ್ಟು. ತಲೆಬರಹಕ್ಕೆ ಕೇಸರಿಯಿಂದ ಕೆಂಪಿಗೆ ತಿರುಗುವ ಬಣ್ಣ ಕೊಟ್ಟಿದ್ದೆ. ವೆಬ್ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಭಾಷೆಯಲ್ಲಿ ಇದನ್ನು ಮಾಡುವ ರೀತಿ ಬೇರೆ. ಅಕ್ಷರದ ಸ್ವಂತ ಬಣ್ಣ ತೆಗೆದು ಪಾರದರ್ಶಕ ಮಾಡುತ್ತೇವೆ. ಹಿಂದೆ ಬಳಿದ ಬಣ್ಣ ಅಕ್ಷರದ ಆಕಾರದಲ್ಲಿ ಮಾತ್ರ ಕಾಣುವ ಹಾಗೆ ಮಾಡುತ್ತೇವೆ. ಹಿಂದಿನ ಆ ಬಣ್ಣ ಡಬ್ಬಿಯ, ಅಂದರೆ ಬರಹಕ್ಕೆ ಮೀಸಲಾದ ಚೌಕದ, ಒಳಗಷ್ಟೇ ಇರುತ್ತದೆ. ನಾನು ಲೈನ್-ಹೈಟ್ 1.1 ಇಟ್ಟಿದ್ದೆ, ಅಂದರೆ ಒಂದು ಸಾಲಿನ ಎತ್ತರ ಅಕ್ಷರದ ಅಳತೆಯ 1.1 ಪಟ್ಟು. ಇಂಗ್ಲಿಷ್ ತಲೆಬರಹಕ್ಕೆ ಅದು ಚೆಂದ. ಕನ್ನಡದ ಒತ್ತು ಡಬ್ಬಿಯಿಂದ ಕೆಳಗೆ ಇಳಿಯಿತು. ಅಲ್ಲಿ ಬಣ್ಣವೇ ಇಲ್ಲ, ಹಾಗಾಗಿ ಒತ್ತೂ ಇಲ್ಲ. ಮೇಲಿನ ಸಾಲಿನ ಒತ್ತುಗಳು ಇಳಿದದ್ದು ಎರಡನೇ ಸಾಲಿನ ಜಾಗಕ್ಕೆ. ಅಲ್ಲಿ ಬಣ್ಣ ಇತ್ತು, ಅವು ಉಳಿದವು. ತಪ್ಪು ಪೂರ್ತಿ ನನ್ನದೇ.

ಒಂದು ಒತ್ತು ಹೋದರೆ ಏನು ಮಹಾ ಅಂತ ಕೆಲವರು ಕೇಳುತ್ತಾರೆ. ಒತ್ತು ಹೋದರೆ ಮಗ್ಗ ಮಗ ಆಗುತ್ತದೆ, ಬಳ್ಳಿ ಬಳಿ ಆಗುತ್ತದೆ, ಕತ್ತೆ ಕತೆ ಆಗುತ್ತದೆ. ನಮ್ಮ ಲಿಪಿಯಲ್ಲಿ ಅರ್ಧ ಮಾತು ಸಾಲಿನ ಕೆಳಗೆ ಇರುತ್ತದೆ.

ಮುಂಬೈಯಲ್ಲಿ ಕೆಲಸ ಮಾಡುವ ಡಿಸೈನರುಗಳಿಗೆ ಇದು ಬೇಗ ಹೊಳೆಯುವುದಿಲ್ಲ. ಅದಕ್ಕೆ ಕಾರಣ ಇದೆ. ಇಲ್ಲಿ ನಮ್ಮ ಕೈಗೆ ಮೊದಲು ಬರುವ ಭಾರತೀಯ ಲಿಪಿ ದೇವನಾಗರಿ. ಮೊದಲು ಇಂಗ್ಲಿಷ್ ಪುಟ ಮಾಡುತ್ತೇವೆ. ಆಮೇಲೆ ಮರಾಠಿ, ಹಿಂದಿ ಹಾಕುತ್ತೇವೆ. ಅದು ಹೆಚ್ಚು ಕಮ್ಮಿ ಕೂತುಬಿಡುತ್ತದೆ. ಆಮೇಲೆ ಕನ್ನಡವೂ ಹಾಗೇ ಕೂರುತ್ತದೆ ಅಂದುಕೊಳ್ಳುತ್ತೇವೆ.

ಆದರೆ ಎರಡೂ ಲಿಪಿಗಳ ಕಟ್ಟೋಣವೇ ಬೇರೆ. ದೇವನಾಗರಿ ಅಕ್ಷರಗಳು ಮೇಲಿನ ಗೆರೆಗೆ ಒಣಹಾಕಿದ ಬಟ್ಟೆಯ ಹಾಗೆ ನೇತಾಡುತ್ತವೆ. ಅದರಲ್ಲಿ ಜೋಡಕ್ಷರ ಬಹುಪಾಲು ಪಕ್ಕಕ್ಕೆ ಬೆಳೆಯುತ್ತದೆ. ಮರಾಠಿಯಲ್ಲಿ ಪುಸ್ತಕ ಅಂತ ಬರೆದು ನೋಡಿ. ಅರ್ಧ ಸ, ಅದರ ಪಕ್ಕದಲ್ಲಿ ಪೂರ್ತಿ ತ. ಕೆಳಗೆ ಇಳಿಯುವುದು ಪು ಅಕ್ಷರದ ಉಕಾರ ಮಾತ್ರ. ಕನ್ನಡದಲ್ಲಿ ಉಲ್ಟಾ. ಉಕಾರ ಬಲಕ್ಕೆ ಹೋಗುತ್ತದೆ, ತ ಒತ್ತು ಕೆಳಗೆ ಕೂರುತ್ತದೆ. ಒಂದೇ ಪದ, ಒಂದೇ ಉಚ್ಚಾರ. ಬೇಕಾದ ಜಾಗ ಮಾತ್ರ ಬೇರೆ ಬೇರೆ ಕಡೆ.

ನಾನು ಯಾವ ಫಾಂಟ್ ಬಂದರೂ ಮೊದಲು ಟೈಪ್ ಮಾಡುವ ಪದ "ಮಹಾರಾಷ್ಟ್ರ". ಇಲ್ಲಿನ ಪ್ರತಿ ವಿಳಾಸದಲ್ಲೂ ಬರುವ ಪದ ಅದು. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇದು ಪೂರ್ತಿ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಅಳತೆಗೆ ಬರೋಣ. ಓದುವ ಬರಹಕ್ಕೆ ನಾನು ಲೈನ್-ಹೈಟ್ 1.7ಕ್ಕಿಂತ ಕಡಿಮೆ ಇಡುವುದಿಲ್ಲ. ತಲೆಬರಹಕ್ಕೆ 1.4ರಿಂದ 1.5. ಅಕ್ಷರದ ಅಳತೆ ಮೊಬೈಲಿನಲ್ಲಿ 18 ಪಿಕ್ಸೆಲ್. ಇದು ನಿಯಮ ಅಲ್ಲ, ನನ್ನ ಕೈಯಳತೆ. ಫಾಂಟ್ ಬದಲಾದರೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಪಿಕ್ಸೆಲ್‌ನಲ್ಲಿ ಎತ್ತರ ಕಟ್ಟಿಹಾಕಿದ ಬಟನ್, ಟೇಬಲ್ಲಿನ ಸಾಲು, ಹೆಸರು ತುಂಬಿಸುವ ಖಾನೆ, ಎರಡೇ ಸಾಲು ತೋರಿಸಿ ಉಳಿದದ್ದನ್ನು ಮುಚ್ಚುವ ಕಾರ್ಡು: ಒತ್ತು ಕತ್ತರಿಸಿ ಹೋಗುವುದು ಈ ಜಾಗಗಳಲ್ಲೇ. ಎತ್ತರ ಕೊಡಬೇಡಿ, ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಅಂಚಿನ ಒಳಗೆ ಖಾಲಿ ಜಾಗ, ಕೊಡಿ. ಡಬ್ಬಿ ತಾನೇ ಬೆಳೆಯಲಿ.

ಇತ್ತೀಚಿನ ಒಂದು ಹೊಸ ಸೌಲಭ್ಯದ ಬಗ್ಗೆ ಇಲ್ಲಿ ಹೇಳಲೇಬೇಕು. ಟೆಕ್ಸ್ಟ್-ಬಾಕ್ಸ್-ಟ್ರಿಮ್ ಅಂತ ಅದರ ಹೆಸರು. 2024ರ ಕೊನೆಗೆ ಸಫಾರಿ 18.2ರಲ್ಲಿ, 2025ರ ಫೆಬ್ರವರಿಯಲ್ಲಿ ಕ್ರೋಮ್ 133ರಲ್ಲಿ ಬಂತು. ಅಕ್ಷರದ ಮೇಲೆ ಕೆಳಗೆ ಉಳಿಯುವ ಖಾಲಿ ಜಾಗವನ್ನು ಇದು ಸವರಿ ತೆಗೆಯುತ್ತದೆ. ಬಟನ್ ನಡುವೆ ಇಂಗ್ಲಿಷ್ ಪದ ಸರಿಯಾಗಿ ಕೂರುತ್ತಿಲ್ಲ ಅಂತ ವರ್ಷಗಟ್ಟಲೆ ಒದ್ದಾಡಿದ ಡಿಸೈನರುಗಳಿಗೆ ಖುಷಿಯ ಸುದ್ದಿ. ನನಗೂ ಖುಷಿಯೇ. ಆದರೆ ಸಾಮಾನ್ಯವಾಗಿ ಎಲ್ಲರೂ ಬಳಸುವ ಅಳತೆ ಯಾವುದು ಗೊತ್ತಾ? ಮೇಲೆ ಇಂಗ್ಲಿಷ್ ದೊಡ್ಡಕ್ಷರದ ತುದಿ, ಕೆಳಗೆ ಅಕ್ಷರ ಕೂರುವ ಗೆರೆ. ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಗೆರೆಯ ಕೆಳಗಿರುವುದೆಲ್ಲ ಒತ್ತಿನ ಮನೆ. ಈ ಸೌಲಭ್ಯ ತಾನಾಗಿ ಅಕ್ಷರವನ್ನು ಕತ್ತರಿಸುವುದಿಲ್ಲ, ಒತ್ತನ್ನು ಡಬ್ಬಿಯ ಹೊರಗೆ ನಿಲ್ಲಿಸುತ್ತದೆ ಅಷ್ಟೆ. ಹೊರಗೆ ಚಾಚಿದ್ದನ್ನು ಮುಚ್ಚು ಅನ್ನುವ ಓವರ್‌ಫ್ಲೋ ಹಿಡನ್ ಆ ಡಬ್ಬಿಗೆ ಇದ್ದರೆ ಒತ್ತು ಹೋಯಿತು. ಇಲ್ಲದಿದ್ದರೆ ಕೆಳಗಿರುವುದರ ಮೇಲೆ ಬೀಳಬಹುದು. ಎರಡು ಭಾಷೆಯ ಸೈಟ್ ಆದರೆ ಕನ್ನಡ ಪುಟಗಳಿಗೆ ಇದನ್ನು ಆಫ್ ಮಾಡಿ.

ಹಾಗೆ ಆಫ್ ಮಾಡಬೇಕಾದರೆ ಪುಟ ಕನ್ನಡದ್ದು ಅಂತ ಬ್ರೌಸರಿಗೆ ಗೊತ್ತಿರಬೇಕು ಅಲ್ವಾ? ಪುಟದ ಮೂಲ ಕೋಡ್ ಆದ ಎಚ್‌ಟಿಎಂಎಲ್‌ನ ಆರಂಭದಲ್ಲಿ ಲ್ಯಾಂಗ್ ಅನ್ನುವ ಕಡೆ ಕನ್ನಡದ ಗುರುತು (kn) ಕೊಡಬೇಕು. ಎಷ್ಟೋ ಕನ್ನಡ ಸೈಟುಗಳಲ್ಲಿ ಅಲ್ಲಿ ಇನ್ನೂ ಇಂಗ್ಲಿಷ್ ಅಂತಲೇ ಇರುತ್ತದೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕು ಅಂತ ನೋಡುವುದು ಅದೇ ಗುರುತನ್ನು. ಎರಡೇ ಅಕ್ಷರದ ಕೆಲಸ, ದಯವಿಟ್ಟು ಮಾಡಿ.

ಈಗ ಹೆಸರಿನ ವಿಚಾರ. ಇದು ನನಗೆ ತುಂಬ ಹತ್ತಿರದ್ದು, ಯಾಕೆಂದರೆ ಜನ ಮೊದಲು ಹುಡುಕುವುದು ತಮ್ಮ ಹೆಸರನ್ನು. ಒಂದು ಸದಸ್ಯರ ಪಟ್ಟಿಯಲ್ಲಿ ಫೋಟೋ ಇಲ್ಲದವರಿಗೆ ದುಂಡನೆಯ ಚೌಕಟ್ಟಿನಲ್ಲಿ ಹೆಸರಿನ ಮೊದಲ ಎರಡು ಅಕ್ಷರ ತೋರಿಸುವ ವ್ಯವಸ್ಥೆ ಇತ್ತು. ಶ್ರೀನಿವಾಸ ಅನ್ನುವವರಿಗೆ ಅಲ್ಲಿ "ಶ್" ಅಂತ ಬಂತು. ಸುಮ್ನಿರು ಅಂದ ಹಾಗೆ. ಅವರಿಗೆ ಬೇಜಾರಾಯಿತು, ಆಗಬೇಕಾದ್ದೇ.

ನಮಗೆ ಶ್ರೀ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು: ಶ, ಹಲಂತ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ರ, ಈಕಾರ. ಲಕ್ಷ್ಮೀನಾರಾಯಣ ನಮಗೆ 6 ಅಕ್ಷರ, ಅದಕ್ಕೆ 13. ಎರಡನ್ನೇ ತೋರಿಸು ಅಂದರೆ ಅದು ತನ್ನ ಲೆಕ್ಕದ ಎರಡನ್ನು ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಪದವನ್ನು ಅಕ್ಷರವಾಗಿ ಬಿಡಿಸಲು ಇಂಟ್ಲ್ ಸೆಗ್ಮೆಂಟರ್ ಅನ್ನುವ ಸೌಲಭ್ಯ ಇದೆ. 2024ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್ 125 ಅದನ್ನು ಸೇರಿಸಿಕೊಂಡ ಮೇಲೆ ಮುಖ್ಯ ಬ್ರೌಸರುಗಳಲ್ಲೆಲ್ಲ ಸಿಗುತ್ತದೆ. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಬಿಡಿಸಿದ ತುಂಡು ಹಲಂತದಲ್ಲಿ ಮುಗಿದಿದ್ದರೆ ಮುಂದಿನ ತುಂಡನ್ನೂ ಅದಕ್ಕೆ ಅಂಟಿಸಿಕೊಳ್ಳಿ ಅಂತ ಒಂದು ಸಾಲು ಬರೆಯಿರಿ. ಆಗ ಶ್ರೀನಿವಾಸರಿಗೆ ಶ್ರೀ ಸಿಗುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ರಾಜ್‌ಕುಮಾರ್ ಅಂತ ಸರಿಯಾಗಿ ಬರೆಯಲು ಜ್ ಮತ್ತು ಕು ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಬೇಕು. ಎರಡು ಅಕ್ಷರ ಕೂಡದ ಹಾಗೆ ಅದು ತಡೆಯುತ್ತದೆ. ಫಾರ್ಮಿನಲ್ಲಿ ಬಂದ ಬರಹವನ್ನು ಶುಚಿ ಮಾಡುವ ಕೋಡ್ ಅನೇಕ ಸಲ ಇದನ್ನು ಕಸ ಅಂತ ತೆಗೆದುಹಾಕುತ್ತದೆ. ಆಗ ಅದು "ರಾಜ್ಕುಮಾರ್" ಆಗುತ್ತದೆ. ಸಾಫ್ಟ್‌ವೇರ್ ಹೋಗಿ "ಸಾಫ್ಟ್ವೇರ್" ಆಗುತ್ತದೆ. ಕೋಡ್ ಬರೆಯುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಫಾಂಟ್ ಬಗ್ಗೆ ಹೇಳುವಾಗ ನನಗೆ ಈ ಊರಿನ ಮೇಲೆ ಅಭಿಮಾನ ಬರುತ್ತದೆ. ವಿಂಡೋಸ್ ಜೊತೆ ಬಂದ ತುಂಗಾ ಫಾಂಟಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ಇರುವ ಅಕ್ಷರ ಸಂಕೇತ) ಕನ್ನಡ ಓದಿದ್ದು. ಅದು ಮುಂಬೈಯ ಆರ್.ಕೆ. ಜೋಷಿಯವರ ನೇತೃತ್ವದಲ್ಲಿ ಆದ ಕೆಲಸ. ಅವರು ಐಐಟಿ ಬಾಂಬೆಯ ವಿನ್ಯಾಸ ವಿಭಾಗ ಐಡಿಸಿಯಲ್ಲಿ ಕಲಿಸಿದವರು, ಕವಿ, ಕ್ಯಾಲಿಗ್ರಫಿ ಬಲ್ಲವರು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಕೀಲಿಮಣೆಗೆ ಮೂಲವಾದ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಅವರೂ ಮುಂಬೈಯಲ್ಲಿ ಕೆಲಸ ಮಾಡಿದವರು. ಇವತ್ತಿಗೆ ಬಂದರೆ, ಫಾಂಟ್ ಮಾಡುವ ಇಲ್ಲಿನ ಏಕ್ ಟೈಪ್ ತಂಡ "ಬಲೂ ತಮ್ಮ" ಅನ್ನುವ ಫಾಂಟ್ ಮಾಡಿದೆ, "ಅನೇಕ್ ಕನ್ನಡ" ಮಾಡಿದೆ. ಎರಡೂ ಉಚಿತ. ಅನೇಕ್ ವೇರಿಯಬಲ್ ಫಾಂಟ್. ಒಂದೇ ಫೈಲಿನಲ್ಲಿ ದಪ್ಪವನ್ನೂ ಅಗಲವನ್ನೂ ಬದಲಾಯಿಸಬಹುದು. "ನೋಂದಾಯಿಸಿಕೊಳ್ಳಿ" ಅನ್ನುವ ಉದ್ದ ಪದ ಬಟನ್‌ನಲ್ಲಿ ಹಿಡಿಸದಿದ್ದರೆ ಅಕ್ಷರ ಸಣ್ಣದು ಮಾಡಬೇಕಿಲ್ಲ, ಅಗಲ ಸ್ವಲ್ಪ ಇಳಿಸಿದರೆ ಸಾಕು.

ದಪ್ಪ ಅಂದಾಗ ನೆನಪಾಯಿತು. ಫಾಂಟಿನ ಸಾಧಾರಣ ತೂಕವನ್ನು ಮಾತ್ರ ಲೋಡ್ ಮಾಡಿ ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ. ಶಾಲೆಯಲ್ಲಿ ಮೇಷ್ಟ್ರು "ಹೊಟ್ಟೆ ಸೀಳಿದ ಧ" ಅಂತ ಹೇಳಿಕೊಡುತ್ತಿದ್ದರಲ್ಲ, ಆ ಸೀಳು ಸಣ್ಣ ಅಳತೆಯಲ್ಲಿ ಕೂದಲೆಳೆಯಷ್ಟು. ಉಬ್ಬಿದಾಗ ಅದು ಕಲಸಿ ಹೋಗುತ್ತದೆ. ಹಣಕಾಸಿನ ಸೈಟಿನಲ್ಲಿ ಧನ ಹೋಗಿ ದನ ಆಗಬಾರದು. ಬೇಕಾದ ತೂಕದ ಫೈಲನ್ನೇ ಹಾಕಿ. ಓರೆ ಅಕ್ಷರ ಕನ್ನಡಕ್ಕೆ ಬೇಡವೇ ಬೇಡ. ನಮ್ಮಲ್ಲಿ ಆ ರೂಢಿ ಇಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ಬಾಗಿಸುತ್ತದೆ. ಒತ್ತಿ ಹೇಳಬೇಕಾದರೆ ಬಣ್ಣ ಇದೆ, ದಪ್ಪ ಇದೆ.

ಸಂಘದ ಮಾಸಪತ್ರಿಕೆಯ ಹಳೆಯ ಲೇಖನಗಳನ್ನು ವೆಬ್‌ಗೆ ಹಾಕುವವರಿಗೆ ಒಂದು ಮಾತು. ಪ್ರೆಸ್ಸಿನಿಂದ ಬರುವ ಫೈಲು ಇವತ್ತಿಗೂ ಬಹಳ ಸಲ ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅಲ್ಲಿ ಕನ್ನಡ ಕಾಣುತ್ತದೆ, ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಹಾಗಾದಾಗ ಪುಟದ ಚಿತ್ರ ತೆಗೆದು ಹಾಕುವವರು ಜಾಸ್ತಿ. ಚಿತ್ರದಲ್ಲಿರುವುದನ್ನು ಯಾರೂ ಹುಡುಕಲಾರರು. ಪರಿವರ್ತನೆ ಮಾಡುವ ತಂತ್ರಾಂಶಗಳಿವೆ, ಬಳಸಿ. ಆಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಇಂಗ್ಲಿಷ್ ಹೆಸರುಗಳನ್ನೂ ಒಮ್ಮೆ ಕಣ್ಣಾಡಿಸಿ. ಹೆಚ್ಚಿನ ತಪ್ಪು ಸಿಗುವುದು ಅಲ್ಲೇ.

ಆ ಮಳೆಗಾಲದ ನಂತರ ನಾನು ಕೆಲಸದ ಕ್ರಮವನ್ನೇ ಬದಲಾಯಿಸಿಕೊಂಡೆ. ಈಗ ಖಾಲಿ ಡಿಸೈನಿಗೆ ಮೊದಲು ಹಾಕುವುದು ಕನ್ನಡ ಬರಹ, ಅದೂ ನಿಜವಾದ ಬರಹ. ಇಂಗ್ಲಿಷ್ ಆಮೇಲೆ ಬರುತ್ತದೆ. ಕನ್ನಡಕ್ಕೆ ಹೊಂದಿದ ಡಬ್ಬಿಯಲ್ಲಿ ಇಂಗ್ಲಿಷ್ ಆರಾಮಾಗಿ ಕೂರುತ್ತದೆ. ಪ್ರತಿ ಬಟನ್, ಪ್ರತಿ ಖಾನೆ, ಪ್ರತಿ ತಲೆಬರಹದಲ್ಲಿ ಈ ಒಂದು ಸಾಲು ಹಾಕಿ ನೋಡುತ್ತೇನೆ. ಬೇಕಾದವರು ಇಲ್ಲಿಂದಲೇ ಕಾಪಿ ಮಾಡಿಕೊಳ್ಳಿ: "ಮಹಾರಾಷ್ಟ್ರದ ಲಕ್ಷ್ಮಿ, ರಾಜ್‌ಕುಮಾರ್, ಧನ, ಅರ್ಜಿ, ಪುಸ್ತಕ."

ಸಂಘದ ಪುಟವನ್ನು ಮರುದಿನವೇ ಸರಿ ಮಾಡಿದ್ದೆ. ಲೈನ್-ಹೈಟ್ 1.5, ಕೆಳಗೆ ಸ್ವಲ್ಪ ಪ್ಯಾಡಿಂಗ್. ಸಂಜೆ ಆ ಹಿರಿಯರಿಗೆ ಫೋನ್ ಮಾಡಿದೆ. "ಅಣ್ಣಾ, ಈಗ ನೋಡಿ" ಅಂದೆ. ಅವರು ಪುಟ ತೆರೆಯುವವರೆಗೆ ಕಾದೆ. ಆ ಕಡೆಯಿಂದ ಅವರು ತಲೆಬರಹವನ್ನು ನಿಧಾನಕ್ಕೆ, ಗಟ್ಟಿಯಾಗಿ, ಕೊನೆಯವರೆಗೆ ಓದಿದರು.

"ಹಾಂ, ಈಗ ಪುಸ್ತಕ ಉಂಟು."