ಸಿಖ್ಖರಿಗೆ ಈ ಜಗತ್ತು ಸುಳ್ಳೇ?

ಪ್ರಶ್ನೆ: ಸಿಖ್ಖರ ದೇವರು ನಿರಾಕಾರ, ಒಬ್ಬನೇ. ಹಾಗಾದರೆ ಅವರಿಗೂ ಜಗತ್ತು ಮಿಥ್ಯೆ ತಾನೇ? ಪಂಜಾಬಿಯಲ್ಲಿ ಹೇಳಿದ ಅದ್ವೈತವಲ್ಲವೇ ಅದು?

ಬೀದರಿನ ನಾನಕ್ ಝೀರಾ ಗುರುದ್ವಾರ ನೋಡಿ ಬಂದವರು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಮೊದಲ ಮಾತು ಸರಿ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್ ಆರಂಭವಾಗುವುದೇ 1 ಎಂಬ ಅಂಕಿಯಿಂದ. ಆ ಒಬ್ಬನು ಕರ್ತಾರ, ನಿರ್ಭಯ, ನಿರ್ವೈರ, ಕಾಲಕ್ಕೆ ಸಿಗದವನು, ಹುಟ್ಟಿಲ್ಲದವನು, ತನ್ನಿಂದ ತಾನೇ ಇರುವವನು ಎನ್ನುತ್ತದೆ ಆ ಗ್ರಂಥದ ಆರಂಭದ ಸಾಲುಗಳಾದ ಮೂಲಮಂತ್ರ. ಹುಟ್ಟೇ ಇಲ್ಲದವನಿಗೆ ಅವತಾರವೂ ಇಲ್ಲ.

ನನ್ನ ತಕರಾರಿರುವುದು 'ಮಿಥ್ಯೆ'ಯ ಬಗ್ಗೆ. ಗುರುದ್ವಾರಗಳಲ್ಲಿ ಬೆಳಗಿನ ಜಾವ ಹಾಡುವ 'ಆಸಾ ದೀ ವಾರ್'ನಲ್ಲಿ ಗುರು ನಾನಕರು 'ಸಚೇ ತೇರೇ ಖಂಡ, ಸಚೇ ಬ್ರಹಮಂಡ' ಎನ್ನುತ್ತಾರೆ. ನಿನ್ನ ಖಂಡಗಳು ಸತ್ಯ, ನಿನ್ನ ಬ್ರಹ್ಮಾಂಡಗಳು ಸತ್ಯ. ಅದರೊಳಗೇ ಬರುವ ಎರಡನೆಯ ಗುರು ಅಂಗದರ ಶ್ಲೋಕ, ಈ ಜಗತ್ತು ಸತ್ಯಸ್ವರೂಪನ ಕೋಣೆ, ಅವನ ವಾಸ ಇದರೊಳಗೇ ಎನ್ನುತ್ತದೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಒಂಬತ್ತನೆಯ ಗುರು ತೇಗ್ ಬಹಾದೂರರೇ ಜಗದ ರಚನೆಯೆಲ್ಲ 'ಝೂಠ್' ಎಂದಿದ್ದಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಹೌದು, ಎಂದಿದ್ದಾರೆ. ದಯವಿಟ್ಟು ಮುಂದಿನ ಸಾಲನ್ನೂ ಓದಿ: ಮರಳಿನ ಗೋಡೆಯಂತೆ ಇದು ನಿಲ್ಲುವುದಿಲ್ಲ. ಮರಳಿನ ಗೋಡೆ ಇದೆ, ಮುಟ್ಟಿದರೆ ಕೈಗೆ ತಾಗುತ್ತದೆ, ಒರಗಿ ಕುಳಿತರೆ ಕುಸಿಯುತ್ತದೆ. ಅದ್ವೈತ ಉದಾಹರಣೆಯಾಗಿ ಕೊಡುವ, ಹಗ್ಗದಲ್ಲಿ ಕಂಡ ಹಾವಿನ ಕಥೆಯೇ ಬೇರೆ. ಅಲ್ಲಿ ಹಾವು ಇರಲೇ ಇಲ್ಲ. ಅದ್ವೈತವೂ ವ್ಯವಹಾರದ ಮಟ್ಟಿಗೆ ಜಗತ್ತನ್ನು ಒಪ್ಪುತ್ತದೆ ಎಂಬುದು ನನಗೆ ಗೊತ್ತು. ಆದರೆ ಅಲ್ಲಿ ಜ್ಞಾನ ಬಂದಾಗ ಜಗತ್ತಿನ ಸತ್ಯತ್ವ ಬಾಧಿತವಾಗುತ್ತದೆ, ಅಂದರೆ ಅಳಿದುಹೋಗುತ್ತದೆ. ಇಲ್ಲಿ ಹಾಗಲ್ಲ. ಕಣ್ಣು ತೆರೆದವನಿಗೆ ಇದೇ ಜಗತ್ತು ಹರಿಯ (ಇಲ್ಲಿ ಆ ನಿರಾಕಾರನಿಗೇ ಈ ಹೆಸರು) ರೂಪವಾಗಿ ಕಾಣುತ್ತದೆ ಎನ್ನುತ್ತಾರೆ ಮೂರನೆಯ ಗುರು ಅಮರದಾಸರು, ತಮ್ಮ 'ಆನಂದ್' ರಚನೆಯಲ್ಲಿ. ಮಾಯೆ ಎಂದರೇನೆಂಬುದನ್ನೂ ಅಲ್ಲೇ ಹೇಳಿದ್ದಾರೆ: ಯಾವುದರಿಂದ ಹರಿಯ ಮರೆವಾಗಿ ಮೋಹ ಹುಟ್ಟುತ್ತದೋ ಅದು. ಹೊಲ, ಮನೆ, ಮಕ್ಕಳು ಮಾಯೆಯಲ್ಲ. ಅವುಗಳ ನಡುವೆ ಕೊಟ್ಟವನನ್ನು ಮರೆಯುವುದು ಮಾಯೆ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಜಗತ್ತು ಸತ್ಯವಾದರೆ ಅದು ಇರುವುದು ಯಾತಕ್ಕೆ? ಜಪ್‌ಜಿ ಎಂಬ ಬೆಳಗಿನ ಪ್ರಾರ್ಥನೆಯ ಮೂವತ್ತೆಂಟನೆಯ ಪೌಡಿಯಲ್ಲಿ, ಅಂದರೆ ಪದ್ಯದಲ್ಲಿ, ನಾನಕರು ಅಕ್ಕಸಾಲಿಗನ ಕುಲುಮೆಯನ್ನೇ ಮುಂದಿಡುತ್ತಾರೆ: ತಾಳ್ಮೆ ಅಕ್ಕಸಾಲಿಗ, ಅರಿವು ಸುತ್ತಿಗೆ, ದೇವರ ಭಯ ತಿದಿ, ಪ್ರೇಮ ಮೂಸೆ. ಶಬ್ದ ರೂಪುಗೊಳ್ಳುವುದು ಸತ್ಯದ 'ಟಕ್ಸಾಲ್'ನಲ್ಲಿ, ಅಂದರೆ ನಾಣ್ಯ ಅಚ್ಚು ಹಾಕುವ ನಮ್ಮ ಟಂಕಸಾಲೆಯಲ್ಲಿ. ಜಗತ್ತಿರುವುದು ಮನುಷ್ಯ ಹೀಗೆ ರೂಪುಗೊಳ್ಳಲಿಕ್ಕೆ. ಓದಿದಾಗಲೆಲ್ಲ ನನಗೆ ಬಸವಣ್ಣನವರ 'ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ' ಕಿವಿಯಲ್ಲಿ ಮೊಳಗುತ್ತದೆ. ಅಲ್ಲೂ ಟಂಕಸಾಲೆ, ಅಲ್ಲೂ ಕರ್ತಾರ. ನಾನಕರು ರಾವಿ ನದಿಯ ದಂಡೆಯಲ್ಲಿ ನೆಲೆಸಿ, 1539ರಲ್ಲಿ ತೀರಿಕೊಳ್ಳುವವರೆಗೆ ಬೇಸಾಯ ಮಾಡಿದ ಊರಿನ ಹೆಸರು ಕರ್ತಾರಪುರ.