ಹಿಮಪಾತ ಬೇರೆ, ಹಿಮಕುಸಿತ ಬೇರೆ

‘ಮನಾಲಿಯಲ್ಲಿ ಹಿಮಪಾತ, ಪ್ರವಾಸಿಗರ ಸಂಭ್ರಮ.’ ‘ಹಿಮಪಾತಕ್ಕೆ ಯೋಧರು ಬಲಿ.’ ಮೊದಲನೆಯದು ಆಕಾಶದಿಂದ ಹಿಮ ಸುರಿಯುವುದು, ಅದು ಹಿಮಪಾತ. ಎರಡನೆಯದು ಇಳಿಜಾರಿನಲ್ಲಿ ಕೂತ ಹಿಮ ಒಮ್ಮೆಲೇ ಜಾರಿ ಬೀಳುವುದು, ಅದು ಹಿಮಕುಸಿತ. ಇಂಥ ತಲೆಬರಹಗಳನ್ನು ಓದಿ ಓದಿ ನಮಗೆ ಎರಡೂ ಒಂದೇ ಆಗಿಬಿಟ್ಟಿವೆ. ಡಿಸೆಂಬರ್ ರಜೆಗೆ ಬಳ್ಳಾರಿ, ಕೊಪ್ಪಳದಿಂದ ಉತ್ತರಾಖಂಡದ ಕೇದಾರಕಂಠ ಶಿಖರದ ಕಡೆ ಚಾರಣಕ್ಕೆ ಹೊರಡುವವರ ವಾಟ್ಸಾಪ್ ಗುಂಪಿನಲ್ಲೂ ಅದೇ ಮಾತು: ‘ಹಿಮಪಾತ ನಿಂತಿದೆ, ಇನ್ನು ಭಯವಿಲ್ಲ.’ ಇಲ್ಲಿ ಪದದ ತಪ್ಪು ಜೀವಕ್ಕೇ ತಾಗುತ್ತದೆ.

ಗೊಂದಲದ ಬೇರು ‘ಪಾತ’ದಲ್ಲಿದೆ. ಸಂಸ್ಕೃತದ ‘ಪತ್’ ಎಂದರೆ ಬೀಳು. ಉಲ್ಕಾಪಾತದಲ್ಲಿ ಅದು ಆಕಾಶದಿಂದ ಬೀಳುವುದು, ಜಲಪಾತದಲ್ಲಿ ಬೆಟ್ಟದಿಂದ ಧುಮುಕುವುದು. ಹೀಗೆ ಎರಡು ಕಡೆಗೂ ಒಗ್ಗುವ ಪದವಾದ್ದರಿಂದ ಹಿಮಪಾತವನ್ನೂ ಎರಡು ಕಡೆ ಎಳೆದರು. ‘ಕುಸಿ’ ಅಚ್ಚಗನ್ನಡದ ಮಾತು, ಅರ್ಥವೂ ಖಚಿತ: ಕೆಳಗಿನ ಆಸರೆ ಸೋತು ಮೇಲಿನದು ಬೀಳುವುದು. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ನಿಂತ ಮರುದಿನವೂ ನೆನೆದ ಮಾಳಿಗೆ ಕುಸಿಯುತ್ತದೆ. ಆಗ ‘ಮಳೆ ಬಂತು’ ಎಂದು ಯಾರಾದರೂ ಹೇಳುತ್ತಾರೆಯೇ? ಹಿಮ ಸುರಿಯುವ ಮುನ್ಸೂಚನೆ ಕೊಡುವುದು ಹವಾಮಾನ ಇಲಾಖೆ. ಹಿಮಕುಸಿತದ ಎಚ್ಚರಿಕೆ ಕೊಡುವುದು ಚಂಡೀಗಡದಲ್ಲಿರುವ ಡಿಆರ್‌ಡಿಓ ಪ್ರಯೋಗಾಲಯ, ಡಿಜಿಆರ್‌ಇ. ಎರಡನ್ನೂ ನೋಡಬೇಕು.

‘ಚಳಿಗಾಲ ಈಗ ಶುರು, ಹಿಮ ಇನ್ನೂ ತೆಳ್ಳಗಿದೆ’ ಎಂಬ ಧೈರ್ಯ ಇನ್ನೊಂದು ತಪ್ಪು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಪರ್ವತಾರೋಹಣ ತರಬೇತಿಯ ತಂಡ ಹಿಮಕುಸಿತಕ್ಕೆ ಸಿಕ್ಕಿ 25ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ತೆಳು ಹಿಮಕ್ಕೆ ಅದರದೇ ಅಪಾಯವಿದೆ. ಅದರಡಿಯ ನೆಲ ಸುಮಾರು 0 ಡಿಗ್ರಿ, ಮೇಲಿನ ಗಾಳಿ ಮೈನಸ್ 10, ಮೈನಸ್ 15. ಈ ಅಂತರ 10 ಸೆಂ.ಮೀ. ದಪ್ಪಕ್ಕೆ 1 ಡಿಗ್ರಿ ದಾಟಿತೆಂದರೆ ಹರಳುಗಳ ಬೆಸುಗೆ ಬಿಟ್ಟು ಬುಡದ ಹಿಮ ಸಕ್ಕರೆಯಂತೆ ಉದುರುದುರಾಗುತ್ತದೆ. ಬಿಸಿಲು ಕಾಣದ ಉತ್ತರದ ಇಳಿಜಾರಿನಲ್ಲಿ ಹಾಗೇ ಉಳಿಯುತ್ತದೆ. ಅದರ ಮೇಲೆ ಹೊಸ ಹಿಮವೋ ಗಾಳಿ ತಂದು ಒಟ್ಟಿದ ಹಿಮವೋ ಬಿಗಿದು ಹಲಗೆಯಾಗುತ್ತದೆ. ತಟ್ಟೆಯಲ್ಲಿ ಸಕ್ಕರೆ ಹರವಿ, ಮೇಲೆ ಖಡಕ್ ರೊಟ್ಟಿ ಇಟ್ಟು ಓರೆ ಮಾಡಿ ನೋಡಿ. ರೊಟ್ಟಿ ಇಡಿಯಾಗಿ ಜಾರುತ್ತದೆ.

ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನವು, ಮೊಬೈಲಿನಲ್ಲೇ ಅಳೆಯಬಹುದು. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ನೆತ್ತಿಯ ಮೇಲಿನ ಇಳಿಜಾರನ್ನೂ ಅಳೆಯಿರಿ. ಸಲಿಕೆಯಿಂದ ನೆಲದವರೆಗೆ ತೋಡಿ ಬುಡದ ಹಿಮವನ್ನು ಮುಷ್ಟಿಯಲ್ಲಿ ಹಿಡಿಯಿರಿ. ಉಂಡೆಯಾಗದೆ ಬೆರಳ ಸಂದಿಯಲ್ಲಿ ಸೋರಿದರೆ ಆ ಇಳಿಜಾರು ಬೇಡ. ಉಂಡೆ ಕಟ್ಟಿದರೂ ಅದು ಆ ಒಂದು ಗುಂಡಿಯ ಮಾತಷ್ಟೆ. ಗಾಳಿ ಹಿಮವನ್ನು ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಬಂಡೆಗಳ ಸುತ್ತ ಪದರ ತೆಳ್ಳಗಿದ್ದು, ಅಲ್ಲಿ ಇಟ್ಟ ಹೆಜ್ಜೆಯೇ ಇಡೀ ಹಲಗೆಯನ್ನು ಬಿಡಿಸಬಹುದು. ಕಾಲಡಿ ‘ಧುಪ್’ ಎಂದು ಹಿಮ ಕೂತರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಪಕ್ಕದಲ್ಲಿ ಹೊಸ ಕುಸಿತ ಕಂಡರೆ, ಬೇರೆ ಪರೀಕ್ಷೆ ಬೇಡ, ಹಿಂತಿರುಗಿ.

ಆ ವಾಟ್ಸಾಪ್ ಮಾತನ್ನು ತಿದ್ದುವುದಾದರೆ ಹೀಗೆ: ಹಿಮಪಾತ ನಿಂತ ಮೇಲಿನ 24ರಿಂದ 48 ಗಂಟೆ ಹಿಮಕುಸಿತದ ಭಯ ಹೆಚ್ಚು, ಬುಡದಲ್ಲಿ ಸಕ್ಕರೆ ಹಿಮವಿದ್ದರೆ ವಾರಗಟ್ಟಲೆ.